ಯಾವ ರಿಸೆಪ್ಟರ್ ಅಲ್ಲ, ರಿಸೆಪ್ಟರಿನ ಯಾವ ತುದಿ?

ನಮಸ್ಕಾರ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದಿ, ಈಗ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಮಂಗಳೂರಿನ ಲ್ಯಾಬುಗಳಲ್ಲೋ ಸೆಲ್ ಕಲ್ಚರ್ ಮಾಡುತ್ತಿರುವವರಿಗೆ ಈ ಮಾತು. ರಿಸೆಪ್ಟರ್ ಟೈರೋಸಿನ್ ಕೈನೇಸ್‌ಗಳು ಅಂದರೆ ಹೊರಗಿನ ಸಂಕೇತ ಹಿಡಿದು ಕೋಶದೊಳಕ್ಕೆ ದಾಟಿಸುವ, ಪೊರೆಯಲ್ಲಿರುವ ಪ್ರೋಟೀನ್‌ಗಳು. ಅವನ್ನು ಗುರುತಿಸಿ ಅಂಟುವ ಆಂಟಿಬಾಡಿಯನ್ನು ನಾವು ಹೆಸರು ನೋಡಿ ತರಿಸುತ್ತೇವೆ. "ಇಜಿಎಫ್ಆರ್, ಒಂದು ವಯಲ್", ಅಷ್ಟೆ. (ಇಜಿಎಫ್ಆರ್ ಅಂದರೆ ಇಜಿಎಫ್ ಎಂಬ ಬೆಳವಣಿಗೆಯ ಸಂಕೇತ ಹಿಡಿಯುವ ರಿಸೆಪ್ಟರ್.) ಆ ಆಂಟಿಬಾಡಿ ರಿಸೆಪ್ಟರಿನ ಯಾವ ಭಾಗಕ್ಕೆ ಅಂಟುತ್ತದೆ ಅಂತ ಕೇಳುವುದಿಲ್ಲ. ನನ್ನ ತಕರಾರು ಇದೇ.

ಮನುಷ್ಯರಲ್ಲಿ ಇಂಥ ರಿಸೆಪ್ಟರ್‌ಗಳು 58. ಹೊರಗೆ ಲಿಗ್ಯಾಂಡ್ (ಬಂದು ಕೂರುವ ಸಂಕೇತದ ಅಣು) ಹಿಡಿಯುವ ಭಾಗ, ನಡುವೆ ಪೊರೆ ದಾಟುವ ತುಂಡು, ಒಳಗೆ ಕೈನೇಸ್ (ಫಾಸ್ಫೇಟ್ ಅಂಟಿಸುವ ಭಾಗ) ಮತ್ತು ಬಾಲ. ಇಜಿಎಫ್ಆರ್ ಬಾಲಕ್ಕೆ ಅಂಟುವ ಆಂಟಿಬಾಡಿ, ಕೋಶ ಒಡೆದು ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ನೋಡುವ ವೆಸ್ಟರ್ನ್ ಬ್ಲಾಟ್‌ನಲ್ಲಿ 170-175 ಕೆಡಿಎ (ಪ್ರೋಟೀನ್ ತೂಕದ ಅಳತೆ) ಹತ್ತಿರ ಚೆಂದದ ಬ್ಯಾಂಡ್ ಕೊಡಬಹುದು. ಅದನ್ನೇ ಜೀವಂತ ಕೋಶಗಳಿಗೆ ಹಾಕಿ ಒಂದೊಂದೇ ಕೋಶದ ಹೊಳಪು ಅಳೆಯುವ ಫ್ಲೋ ಸೈಟೋಮೀಟರ್‌ಗೆ ಕೊಟ್ಟರೆ ಏನೂ ಕಾಣುವುದಿಲ್ಲ, ಪೊರೆ ದಾಟಿ ಒಳಗೆ ಹೋಗಲು ಅದಕ್ಕೆ ದಾರಿಯೇ ಇಲ್ಲವಲ್ಲ. "ನಮ್ಮ ಕೋಶದಲ್ಲಿ ರಿಸೆಪ್ಟರ್ ಇಲ್ಲ" ಅಂತ ಅಲ್ಲಿಗೇ ತೀರ್ಮಾನ ಮಾಡುವವರಿದ್ದಾರೆ, ಮಾರಾಯ್ರೆ!

ಹೊರಭಾಗಕ್ಕೆ ಅಂಟುವುದನ್ನೇ ತಂದಿರಿ ಅನ್ನೋಣ. ಡಿಶ್‌ಗೆ ಅಂಟಿದ ಕೋಶಗಳನ್ನು ಟ್ರಿಪ್ಸಿನ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಹಾಕಿ ಬಿಡಿಸಿದರೆ ಹೊರಗಿನ ಎಪಿಟೋಪ್, ಅಂದರೆ ಆಂಟಿಬಾಡಿ ಅಂಟುವ ಜಾಗ, ಕತ್ತರಿಸಿಹೋಗಬಹುದು. ಬದಲಿಗೆ ಕಿಣ್ವವಲ್ಲದ ಇಡಿಟಿಎ ಎಂಬ ರಾಸಾಯನಿಕದ 2 ಮಿಲಿಮೋಲಾರ್ ದ್ರಾವಣದಲ್ಲಿ ಬಿಡಿಸಿ. ನಿಧಾನ, ಆದರೆ ರಿಸೆಪ್ಟರ್ ಉಳಿಯುತ್ತದೆ. ಮುಂದಿನದೆಲ್ಲ ಐಸ್ ಮೇಲೆ ನಡೆಯಲಿ. 37 ಡಿಗ್ರಿಯಲ್ಲಿ ಎರಡು ಕೈಯ ಆಂಟಿಬಾಡಿ ರಿಸೆಪ್ಟರ್‌ಗಳನ್ನು ಜೋಡಿಸಿ ಒಳಕ್ಕೆ ಎಳೆಸಿಬಿಡಬಹುದು.

ಇನ್ನೊಂದು ಸೂಕ್ಷ್ಮ ತಪ್ಪು ಇದೆ, ನನಗೆ ಇದೇ ಹೆಚ್ಚು ಅಪಾಯಕಾರಿ ಅನಿಸುವುದು. 225 ಎಂಬ ಕ್ಲೋನ್ (ಒಂದೇ ಮೂಲಕೋಶದ ಸಂತತಿಯಿಂದ ಬರುವ ಆಂಟಿಬಾಡಿ), ಅದರಿಂದಲೇ ಬಂದ ಸೆಟಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧಿ, ಇಜಿಎಫ್ ಕೂರುವ ಜಾಗದಲ್ಲೇ ಕೂರುತ್ತವೆ. ಇಜಿಎಫ್ ಕೊಟ್ಟ ಮೇಲೆ ಇವುಗಳಿಂದ ಸ್ಟೇನ್ ಮಾಡಿದರೆ ಸಿಗ್ನಲ್ ಇಳಿಯುತ್ತದೆ. ರಿಸೆಪ್ಟರ್ ಒಳಕ್ಕೆ ಹೋಯಿತೋ, ಜಾಗ ಮೊದಲೇ ಭರ್ತಿಯಾಗಿತ್ತೋ? ಗ್ರಾಫ್ ನೋಡಿ ಹೇಳಲಾಗುವುದಿಲ್ಲ. ಇಜಿಎಫ್ ಜೊತೆ ಪೈಪೋಟಿ ಮಾಡದ ಕ್ಲೋನ್ ಬೇಕು.

ಫಾಸ್ಫೇಟ್ ಸೇರಿದ ರಿಸೆಪ್ಟರನ್ನಷ್ಟೇ ಗುರುತಿಸುವ ಫಾಸ್ಫೋ ಆಂಟಿಬಾಡಿಗೆ ಬಂದರೆ, ಮೊದಲು ಸಂಖ್ಯೆ ನೋಡಿಕೊಳ್ಳಿ. ಒಬ್ಬರ ಟೈರೋಸಿನ್ 1068, ಇನ್ನೊಬ್ಬರ 1092, ಎರಡೂ ಒಂದೇ ಜಾಗ. 24 ಅಮೈನೋ ಆಮ್ಲಗಳ ಸಿಗ್ನಲ್ ಪೆಪ್ಟೈಡ್ (ಪ್ರೋಟೀನ್ ತಯಾರಾಗುವಾಗ ಕತ್ತರಿಸಿಹೋಗುವ ಆರಂಭದ ತುಂಡು) ಸೇರಿಸಿ ಎಣಿಸಿದ್ದಾರೋ ಬಿಟ್ಟು ಎಣಿಸಿದ್ದಾರೋ ಅನ್ನುವುದಷ್ಟೇ ವ್ಯತ್ಯಾಸ. ರಾತ್ರಿಯಿಡೀ ಸೀರಮ್ ಇಲ್ಲದೆ ಇಟ್ಟು, 100 ನ್ಯಾನೋಗ್ರಾಂ ಪ್ರತಿ ಮಿಲಿಲೀಟರ್ ಇಜಿಎಫ್ ಕೊಟ್ಟು, 5 ನಿಮಿಷಕ್ಕೆ ಡಿಶ್ ಐಸ್ ಮೇಲೆ. ಕೋಶ ಒಡೆಯುವ ಲೈಸಿಸ್ ಬಫರ್‌ನಲ್ಲಿ 1 ಮಿಲಿಮೋಲಾರ್ ಸೋಡಿಯಂ ಆರ್ಥೋವನಡೇಟ್ ಇರಲೇಬೇಕು, ಅದೂ ಹದಗೊಳಿಸಿದ್ದು: ಪಿಎಚ್ 10ಕ್ಕೆ ತಂದಾಗ ಹಳದಿ ಇರುತ್ತದೆ, ಬಣ್ಣ ಹೋಗುವವರೆಗೆ ಕುದಿಸಿ, ಆರಿದ ಮೇಲೆ ಪಿಎಚ್ ಮತ್ತೆ ಸರಿಮಾಡಿ. ಹಳದಿಯಾಗಿಯೇ ಹಾಕಿದರೆ ಫಾಸ್ಫಟೇಸ್‌ಗಳು (ಫಾಸ್ಫೇಟ್ ಕಿತ್ತುಹಾಕುವ ಕಿಣ್ವಗಳು) ಸರಿಯಾಗಿ ನಿಲ್ಲುವುದಿಲ್ಲ. ಬ್ಲಾಕಿಂಗ್‌ಗೆ, ಅಂದರೆ ಬ್ಲಾಟ್‌ನ ಖಾಲಿ ಜಾಗಕ್ಕೆ ಆಂಟಿಬಾಡಿ ಅಂಟದಂತೆ ಮುಚ್ಚಲು, ಹಾಲಿನಪುಡಿ ಅಗ್ಗ, ಆದರೆ ಅದರ ಕೇಸಿನ್ ತಾನೇ ಫಾಸ್ಫೋ ಪ್ರೋಟೀನ್. 5 ಶೇಕಡಾ ಬಿಎಸ್ಎ (ದನದ ಸೀರಮ್ಮಿನ ಆಲ್ಬುಮಿನ್) ಬಳಸಿ.

ಈಗ ಜಗಳದ ಮಾತು. "ಎ431ರಲ್ಲಿ ಬ್ಯಾಂಡ್ ಬಂತು, ಆಂಟಿಬಾಡಿ ಒಳ್ಳೆಯದು." ಎ431 ಎಂಬ ಕ್ಯಾನ್ಸರ್ ಕೋಶಗಳಲ್ಲಿ ಇಜಿಎಫ್ಆರ್ ಎಷ್ಟು ತುಂಬಿದೆಯೆಂದರೆ ಕಳಪೆ ಆಂಟಿಬಾಡಿಗೂ ಅಲ್ಲಿ ಬ್ಯಾಂಡ್ ಬರಬಹುದು. ನಿಮ್ಮದೇ ಕೋಶದಲ್ಲಿ ಎಸ್ಐಆರ್‌ಎನ್ಎಯಿಂದ (ಬೇಕಾದ ಒಂದು ಪ್ರೋಟೀನಿನ ತಯಾರಿ ತಡೆಯುವ ಪುಟ್ಟ ಆರ್‌ಎನ್ಎ) ಇಜಿಎಫ್ಆರ್ ಇಳಿಸಿ, 72 ಗಂಟೆ ಬಿಟ್ಟು ನೋಡಿ. ರಿಸೆಪ್ಟರಿನ ಆಯುಷ್ಯ ಉದ್ದ, ಮರುದಿನವೇ ನೋಡಿದರೆ ಪ್ರಯೋಜನವಿಲ್ಲ. ಬ್ಯಾಂಡ್ ಇಳಿಯದಿದ್ದರೆ ಅದು ಇಜಿಎಫ್ಆರ್‌ದೇ ಅನ್ನಲು ಆಧಾರವಿಲ್ಲ. ಅನುದಾನ ಕಡಿಮೆಯಾದ ಲ್ಯಾಬಿನವರು ಮೂರು ಆಂಟಿಬಾಡಿ ತರಿಸುವ ಬದಲು ಒಂದು ತರಿಸಿ, ಉಳಿದ ಹಣವನ್ನು ಈ ಪರೀಕ್ಷೆಗೆ ಇಡಿ ಅಂತ ನಾನು ಹೇಳುವುದು.

ಕೊನೆಗೆ ವಯಲ್ ವಿಚಾರ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ, ಫ್ರಾಸ್ಟ್-ಫ್ರೀ ಫ್ರೀಜರಂತೂ ತಾನಾಗಿಯೇ ಬಿಸಿಯಾಗಿ ತಣ್ಣಗಾಗುತ್ತದೆ. ಹಾಗಾಗಿ ಬಂದ ದಿನವೇ 10 ಮೈಕ್ರೋಲೀಟರಿನಂತೆ ಹಂಚಿಡಿ. 50 ಶೇಕಡಾ ಗ್ಲಿಸರಾಲ್‌ನಲ್ಲಿರುವುದು ಮೈನಸ್ 20ರಲ್ಲಿ ಗಟ್ಟಿಯಾಗದು, ಅದನ್ನು ಹಂಚುವ ಅಗತ್ಯವಿಲ್ಲ. ಪ್ರಿಸರ್ವೇಟಿವ್ ಸೋಡಿಯಂ ಅಝೈಡ್ ಎಂದಿದ್ದರೆ ಎಚ್ಆರ್‌ಪಿ ಎಂಬ ಕಿಣ್ವ ಜೋಡಿಸಿದ ಸೆಕೆಂಡರಿಯ (ಮೊದಲ ಆಂಟಿಬಾಡಿಗೆ ಅಂಟುವ ಎರಡನೇ ಆಂಟಿಬಾಡಿ) ದ್ರಾವಣಕ್ಕೆ ಅದು ಸೇರಬಾರದು, ಕಿಣ್ವ ಸತ್ತುಹೋಗುತ್ತದೆ. ಬಾಕ್ಸಿನ ಮೇಲೆ ಕ್ಲೋನ್ ಹೆಸರು, ಲಾಟ್ ನಂಬರು ಬರೆದಿಡಿ. ಲಾಟ್ ಬದಲಾದರೆ, ಅದರಲ್ಲೂ ಪಾಲಿಕ್ಲೋನಲ್ (ಹಲವು ಆಂಟಿಬಾಡಿಗಳ ಮಿಶ್ರಣ) ಆದರೆ, ಎಸ್ಐಆರ್‌ಎನ್ಎ ಪರೀಕ್ಷೆ ಮತ್ತೊಮ್ಮೆ.