ತುರಿಸುವ ಎಲೆಯ ಜೊತೆ ಮೂವತ್ತು ವರ್ಷ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರು ಪಾತ್ರೆ ಇಟ್ಟ ಕಡೆಗೇ ತಿರುಗಿ ನೋಡುತ್ತಿದ್ದೀರಿ, ನನಗೆ ಕಾಣುತ್ತಿದೆ. ಕೆಸುವಿನೆಲೆಗೆ ಅಕ್ಕಿಯ ಹಿಟ್ಟು ಸವರಿ, ಸುತ್ತಿ ಬೇಯಿಸಿದ ಪತ್ರೊಡೆ ಅಲ್ಲೇ ಉಂಟು, ಓಡಿ ಹೋಗುವುದಿಲ್ಲ. ಸ್ವಲ್ಪ ಹೊತ್ತು ನನ್ನನ್ನು ಸಹಿಸಿಕೊಳ್ಳಿ.

ನಾನು ಹೋಟೆಲಿನವಳಲ್ಲ. ಅಡುಗೆ ಕಲಿಸುವವಳೂ ಅಲ್ಲ. ಕಟಪಾಡಿಯ ಒಂದು ಮನೆಯಲ್ಲಿ ಒಲೆ ಮುಂದೆ ನಿಂತು ಕೂದಲು ಹಣ್ಣಾದವಳು. ಆಟಿಯ, ಅಂದರೆ ಜುಲೈ-ಆಗಸ್ಟಿನ ನಮ್ಮ ತುಳು ತಿಂಗಳಿನ, ಅಡುಗೆ ಬಗ್ಗೆ ಮಾತಾಡಿ ಎಂದು ಕರೆದಿದ್ದೀರಿ. ಅದರ ಬಗ್ಗೆ ನನಗೆ ಗೊತ್ತಿರುವುದು ಒಂದೇ ವಿಷಯ. ನಮ್ಮ ಮಳೆಗಾಲದ ಸೊಪ್ಪು, ಗೆಡ್ಡೆಗಳಿಗೆ ನಾವು ಅವನ್ನು ತಿನ್ನುವುದು ಇಷ್ಟವೇ ಇಲ್ಲ ಮಾರಾಯ್ರೆ. ಕೆಸು ತುರಿಸುತ್ತದೆ. ಕಣಿಲೆಯಲ್ಲಿ, ಅಂದರೆ ಎಳೆ ಬಿದಿರಿನಲ್ಲಿ, ವಿಷ ಉಂಟು. ಪಾಲೆ ಮರದ ಕೆತ್ತೆ, ಅಂದರೆ ತೊಗಟೆ, ಬಾಯಿಗಿಟ್ಟರೆ ಮುಖ ಮುದುಡುವಷ್ಟು ಕಹಿ. ಇವುಗಳನ್ನು ಹೇಗಾದರೂ ಒಪ್ಪಿಸಿ ಹೊಟ್ಟೆಗೆ ಇಳಿಸುವುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನಾನು ಸೋತ ಕತೆಗಳನ್ನೇ ಇವತ್ತು ಹೇಳುತ್ತೇನೆ.

ಮದುವೆಯಾದ ಹೊಸತು. ಯಜಮಾನರ ಕೆಲಸ ಬೆಂಗಳೂರಿನಲ್ಲಿತ್ತು. ಊರ ನೆನಪು ಜಾಸ್ತಿಯಾದ ಒಂದು ದಿನ, ಮನೆ ಹಿಂದಿನ ತೋಡಿನ ಬದಿಯಲ್ಲಿ ಕೆಸು ಕಂಡಿತು. ಕೊಡೆಯಷ್ಟು ದೊಡ್ಡ ಎಲೆ! ತಿಂಗಳು ಯಾವುದು, ಕೆಸು ಯಾವ ಜಾತಿ ಎಂದು ನೋಡುವ ತಾಳ್ಮೆ ಯಾರಿಗಿತ್ತು? ಕೊಯ್ದು ತಂದೆ. ಅಕ್ಕಿ ನೆನೆಸಿ, ಒಣಮೆಣಸು, ಕೊತ್ತಂಬರಿ, ಬೆಲ್ಲ ಹಾಕಿ ರುಬ್ಬಿದೆ. ಹುಳಿ ಮಾತ್ರ ಕಡಿಮೆ ಮಾಡಿದೆ, ಪಕ್ಕದ ಮನೆ ಮಕ್ಕಳಿಗೆ ಹುಳಿ ಆಗುವುದಿಲ್ಲವಂತೆ ಅಂತ. ಗ್ಯಾಸ್ ಮುಗಿಯುವ ಹಾಗೆ ಇತ್ತು, ಇಪ್ಪತ್ತು ನಿಮಿಷಕ್ಕೇ ಇಳಿಸಿದೆ. ಆಮೇಲೆ ಮೂರು ಮನೆಗೆ ಹಂಚಿದೆ.

ರಾತ್ರಿ ಎಂಟಕ್ಕೆ ಮೊದಲ ಬಾಗಿಲು ಬಡಿಯಿತು. ಒಂಬತ್ತರೊಳಗೆ ಮೂರು ಮನೆಯವರೂ ನಮ್ಮ ಜಗಲಿಯಲ್ಲಿದ್ದರು. ಎಲ್ಲರ ಕೈಯೂ ಗಂಟಲ ಮೇಲೆ. ನಾನು ಎಸ್‌ಟಿಡಿ ಬೂತಿಗೆ ಓಡಿ ಅತ್ತೆಗೆ ಫೋನ್ ಮಾಡಿದೆ. ಅವರು ಹೇಗಿದ್ದೀರಿ ಎಂದು ಕೇಳಲಿಲ್ಲ. ಯಾರಿಗೆ ಜಾಸ್ತಿ ಆಗಿದೆ ಎಂದೂ ಕೇಳಲಿಲ್ಲ. "ಹುಳಿ ಎಷ್ಟು ಹಾಕಿದ್ದೆ?" ಎಂದರು.

ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಹರಳುಗಳಿರುತ್ತವೆ. ಸೂಜಿಯ ಹಾಗೆ ಚೂಪು, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣದು. ಅವು ಬಾಯಿಗೆ, ಗಂಟಲಿಗೆ ಚುಚ್ಚುತ್ತವೆ. ಅದಕ್ಕೇ ಧಾರಾಳವಾಗಿ ಹುಳಿ ಹಾಕುವುದು, ಅದಕ್ಕೇ ಮುಕ್ಕಾಲು ಗಂಟೆ, ಒಂದು ಗಂಟೆ ಹಬೆಯಲ್ಲಿ ಬೇಯಿಸುವುದು. ಎಲೆಯ ದಪ್ಪ ನಾರು ತೆಗೆಯುವುದು, ಕೈಗೆ ತೆಂಗಿನೆಣ್ಣೆ ಸವರಿಕೊಳ್ಳುವುದು, ಎಲ್ಲದಕ್ಕೂ ಕಾರಣ ಉಂಟು. ಅತ್ತೆಗೆ ಹರಳಿನ ಹೆಸರು ಗೊತ್ತಿರಲಿಲ್ಲ. ಹುಳಿಯ ಅಳತೆ ಗೊತ್ತಿತ್ತು. ಊರಿಗೆ ವಾಪಸು ಬಂದ ಮೇಲೆ ಅವರೇ ಮರಕೆಸು ತೋರಿಸಿದರು. ಮಳೆ ಬಿದ್ದ ಮೇಲೆ ಹಳೆಯ ಮರಗಳ ಕೊಂಬೆಯಲ್ಲಿ ಪಾಚಿಯ ನಡುವೆ ಹುಟ್ಟುತ್ತದಲ್ವಾ, ಅದು. ತುರಿಕೆ ಕಡಿಮೆ. ಆದರೆ ಮರ ಹತ್ತುವವರು ಬೇಕು, ಅದೀಗ ಬೇರೆ ಸಮಸ್ಯೆ.

ಈ ಅವಮಾನದ ನಂತರ ಪತ್ರೊಡೆ ಎಂದರೆ ನಮ್ಮದೇ ಸೊತ್ತು, ನಮ್ಮದೇ ಕಷ್ಟ ಎಂದುಕೊಂಡಿದ್ದೆ. ಒಮ್ಮೆ ಅಹಮದಾಬಾದಿಗೆ ಹೋದಾಗ ಫರಸಾಣದ, ಅಂದರೆ ತಿಂಡಿಯ, ಅಂಗಡಿಯಲ್ಲಿ ಸುರುಳಿ ಸುತ್ತಿದ ಕೆಸುವಿನೆಲೆ ಕಂಡು ನಿಂತೇಬಿಟ್ಟೆ. ಅವರು ಪಾತ್ರಾ ಎನ್ನುತ್ತಾರೆ. ಅಕ್ಕಿಯ ಬದಲು ಕಡಲೆಹಿಟ್ಟು, ಮೇಲೆ ಎಳ್ಳು, ಸಾಸಿವೆಯ ಒಗ್ಗರಣೆ. ಬೆಲ್ಲವೂ ಇತ್ತು. ಹುಳಿಯೂ ಇತ್ತು, ನಾನು ಮೊದಲು ಹುಡುಕಿದ್ದೇ ಅದನ್ನು. ಅಷ್ಟು ದೂರದಲ್ಲಿಯೂ ಯಾರಿಗೋ ಒಬ್ಬಳಿಗೆ ಗಂಟಲು ತುರಿಸಿರಬೇಕು, ಅವಳ ಅತ್ತೆಯೂ ಅದೇ ಪ್ರಶ್ನೆ ಕೇಳಿರಬೇಕು.

ಇನ್ನು ಕಣಿಲೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ. ಹೆದರಬೇಡಿ, ಸಣ್ಣಗೆ ಹೆಚ್ಚಿ ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಿದರೆ ಅದು ಹೋಗುತ್ತದೆ. ನಾನು ಎರಡನೇ ದಿನ ನೀರು ಬದಲಿಸಲು ಮರೆತೆ. ಮೂರನೇ ದಿನ ಬೆಳಿಗ್ಗೆ ಯಜಮಾನರು ಅಟ್ಟ ಹತ್ತಿ ಸತ್ತ ಇಲಿ ಹುಡುಕುತ್ತಿದ್ದರು. ನಾನು ಸುಮ್ನೆ ಬಕೆಟ್ ಹಿಡಿದು ಹಿತ್ತಲಿಗೆ ಹೋಗಿ ಎಲ್ಲವನ್ನೂ ತೆಂಗಿನ ಬುಡಕ್ಕೆ ಚೆಲ್ಲಿದೆ. ಪದೆಂಗಿ, ಅಂದರೆ ಹೆಸರುಕಾಳು, ಮೊಳಕೆ ಬಂದು ಕಾಯುತ್ತಿತ್ತು. ಗಸಿಗೆ, ಅಂದರೆ ಮಸಾಲೆಯ ದಪ್ಪ ಸಾರಿಗೆ, ಅದೊಂದೇ ಆಯಿತು.

ಕೆಲವು ವರ್ಷ ಕಳೆದು ಮಗನ ಜೊತೆ ಗುವಾಹಟಿಗೆ ಹೋದೆ. ಅಲ್ಲಿಯ ಮಾರ್ಕೆಟಿನಲ್ಲಿ ಅದೇ ವಾಸನೆ! ತುರಿದ ಎಳೆ ಬಿದಿರನ್ನು ಹುಳಿ ಬರಿಸಿ ಬಾಟಲಿಯಲ್ಲಿ ತುಂಬಿಟ್ಟಿದ್ದರು. ಖೋರಿಸಾ ಎನ್ನುತ್ತಾರೆ, ಮೀನಿನ ಸಾರಿಗೆ ಹಾಕುತ್ತಾರೆ. ನಾನು ಮೂಗು ಮುಚ್ಚಿ ಚೆಲ್ಲಿದ್ದನ್ನು ಅವರು ದುಡ್ಡು ತೆಗೆದುಕೊಂಡು ಮಾರುತ್ತಿದ್ದರು. ಹಾಗಂತ ಮನೆಯಲ್ಲಿ ಮರೆತುಹೋದ ಬಕೆಟನ್ನು ಖೋರಿಸಾ ಎಂದು ಕರೆದು ತಿನ್ನಲು ಹೋಗಬೇಡಿ. ಅವರದು ಕಲಿತು ಮಾಡುವ ಕೆಲಸ, ನನ್ನದು ಬರೀ ಮರೆವು.

ಮಡಿಕೇರಿಯ ಕತೆ ಹೇಳಲು ಸ್ವಲ್ಪ ನಾಚಿಕೆ. ನಮ್ಮ ಆಟಿಯೇ ಕೊಡವರಿಗೆ ಕಕ್ಕಡ. ಅದರ ಹದಿನೆಂಟನೇ ದಿನ, ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಅಂದಿಗೆ ಆ ಗಿಡದಲ್ಲಿ ಹದಿನೆಂಟು ಬಗೆಯ ಮದ್ದು ಸೇರುತ್ತದೆ ಎಂದು ನಂಬಿಕೆ. ಸೊಪ್ಪು ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಗೆಳತಿಯ ಮನೆಯಲ್ಲಿ ಎರಡು ಬಟ್ಟಲು ತಿಂದೆ. ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಕೆಂಪು ಕಂಡು ಕಾಲು ನಡುಗಿತು. ಆಸ್ಪತ್ರೆಗೆ ಹೊರಡಲು ಸೀರೆ ಉಟ್ಟುಕೊಂಡು ಬಂದರೆ ಗೆಳತಿಯ ತಾಯಿ ಬಿದ್ದು ಬಿದ್ದು ನಗುತ್ತಿದ್ದಾರೆ. ಮೂತ್ರ ಕೆಂಪಾದರೆ ಮದ್ದು ಹಿಡಿಯಿತು ಎಂದರ್ಥವಂತೆ. ಮೊದಲೇ ಹೇಳಬಾರದಿತ್ತೇ?

ನಮ್ಮ ಆಟಿ ಅಮಾವಾಸ್ಯೆಯ ಪಾಲೆ ಕಷಾಯದಲ್ಲಿ ಇಂಥ ತಮಾಷೆ ಇಲ್ಲ. ಸೂರ್ಯ ಹುಟ್ಟುವ ಮೊದಲು ಹೋಗಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ ತರಬೇಕು. ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ರಸ ಹಿಂಡಿ, ಕೆಂಪಗೆ ಕಾದ ಬೆಣಚುಕಲ್ಲನ್ನು ಅದಕ್ಕೆ ಹಾಕುತ್ತೇವೆ. ಚುಂಯ್ ಎನ್ನುವ ಆ ಸದ್ದಿಗೆ ಮಕ್ಕಳು ಎದ್ದು ಓಡಿಹೋಗುತ್ತಿದ್ದರು. ಕುಡಿದ ಮೇಲೆ ತಂಪಿಗೆ ಮೆಂತೆ ಗಂಜಿ. ಇಲ್ಲಿ ಮಾತ್ರ ನಾನು ಧೈರ್ಯ ತೋರಿಸುವುದಿಲ್ಲ. ಕತ್ತಲಲ್ಲಿ ಮರ ತಪ್ಪಿ ಬೇರೆ ಕೆತ್ತೆ ತಂದು ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ಹಗಲಿನಲ್ಲೇ ಮರ ಗುರುತಿಸಿ, ಸುತ್ತ ಹಗ್ಗ ಕಟ್ಟಿ ಬನ್ನಿ. ಮರದ ಗುರುತೇ ಇಲ್ಲದಿದ್ದರೆ ಮೆಂತೆ ಗಂಜಿ ಮಾತ್ರ ಕುಡಿಯಿರಿ.

ಗುಳ್ಳದ ಬಗ್ಗೆ ಹೇಳದಿದ್ದರೆ ನಮ್ಮ ಪಕ್ಕದ ಊರು ಮಟ್ಟುವಿನವರು ನನ್ನನ್ನು ಬಿಡುವುದಿಲ್ಲ. 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಸೂಚಕದ, ಮಾನ್ಯತೆ ಸಿಕ್ಕ ಬದನೆ. ಸೋದೆ ಮಠದ ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರೆಂದು ಐತಿಹ್ಯ. ಅದು ಸಾಧು. ತೊಟ್ಟಿನ ಮುಳ್ಳು ಬಿಟ್ಟರೆ ಜಗಳವೇ ಇಲ್ಲ. ಆದರೆ ಅದು ಚಳಿಗಾಲದ್ದು, ಇವತ್ತಿನ ಮಾತಲ್ಲ.

ಕೊನೆಗೆ ಒಂದು ತಕರಾರು. ನಾವು ಈಗ ಆಟಿಡೊಂಜಿ ದಿನ, ಅಂದರೆ ಆಟಿಯಲ್ಲೊಂದು ದಿನ ಎನ್ನುವ ಕೂಟ, ಮಾಡಿ ಒಂದೇ ಎಲೆಗೆ ಮೂವತ್ತು ಬಗೆ ಬಡಿಸುತ್ತೇವೆ. ನನಗೂ ಖುಷಿಯೇ, ನಾನೂ ರೇಷ್ಮೆ ಸೀರೆ ಉಟ್ಟೇ ಬಂದಿದ್ದೇನೆ. ಆದರೆ ಹಿಂದೆ ಆಟಿಯಲ್ಲಿ ಕಣಜ ಖಾಲಿ. ಕಡಲಿಗೆ ಇಳಿಯುವ ಹಾಗಿಲ್ಲ. ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಗಂಜಿಯ ಜೊತೆ ಒಣ ಸಿಗಡಿ ಚಟ್ನಿ, ಇಲ್ಲದಿದ್ದರೆ ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಇಲ್ಲದಿದ್ದರೆ ಬೇಲಿಯ ತಜಂಕ್ ಸೊಪ್ಪು. ಇಷ್ಟರಲ್ಲಿ ಒಂದು ಇದ್ದರೆ ಆ ದಿನ ಹಬ್ಬ. ತುರಿಸುವುದನ್ನೂ ಕಹಿಯನ್ನೂ ತಿಂದದ್ದು ರುಚಿಗಲ್ಲ, ಬೇರೆ ಇರಲಿಲ್ಲ ಅಂತ. ರುಚಿ ಆಮೇಲೆ ಹುಟ್ಟಿಕೊಂಡದ್ದು.

ಆಯಿತು, ಏಳಿ. ಇವತ್ತಿನ ಪತ್ರೊಡೆ ಮರಕೆಸುವಿನದ್ದು. ಹುಳಿ ನಾನೇ ಹಾಕಿದ್ದೇನೆ, ಒಂದು ಗಂಟೆ ಬೆಂದಿದೆ. ಆದರೂ ಮೊದಲ ತುಂಡು ನಾನೇ ತಿನ್ನುತ್ತೇನೆ. ಐದು ನಿಮಿಷ ನನ್ನ ಮುಖ ನೋಡಿ, ಆಮೇಲೆ ನೀವು ತೆಗೆದುಕೊಳ್ಳಿ.