ಪವರ್ ಕಾರ್ಡಿನಲ್ಲಿ ಗಾಂಧಾರ ಇಲ್ಲ: ಕಾರವಾರದ ಬ್ಯಾಂಡಿಗೆ ಮೆಲೋಡಿಕ್ ಪಂಕ್

[ಪರದೆ: ಗಿಟಾರಿನ ಕತ್ತು, ತೀರ ಹತ್ತಿರದಿಂದ. ತೋರುಬೆರಳು ದಪ್ಪ ತಂತಿಯ 3ನೇ ಫ್ರೆಟ್ ಮೇಲೆ, ಉಂಗುರಬೆರಳು ಮತ್ತು ಕಿರುಬೆರಳು ಮುಂದಿನ ಎರಡು ತಂತಿಗಳ 5ನೇ ಫ್ರೆಟ್ ಮೇಲೆ. ಒಂದೇ ಪೆಟ್ಟು.]

ಇದೇ ಪವರ್ ಕಾರ್ಡ್. ಇದು ಮೇಜರೋ ಮೈನರೋ, ಹೇಳಿ ನೋಡುವಾ. ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ. ಇದರಲ್ಲಿರುವುದು ಷಡ್ಜ, ಪಂಚಮ, ಮೇಲಿನ ಷಡ್ಜ, ಅಷ್ಟೇ. ಗಾಂಧಾರ ಇಲ್ಲದ ಮೇಲೆ ಖುಷಿಯೋ ಬೇಸರವೋ ಇತ್ಯರ್ಥ ಆಗುವುದು ಹೇಗೆ? ಅದನ್ನು ಹಾಡುವವರ ಗಂಟಲಿಗೆ ಬಿಟ್ಟುಬಿಡುವುದೇ ಮೆಲೋಡಿಕ್ ಪಂಕ್. ಜನ ಸ್ಪೀಡಿಗೆ ಮರುಳಾಗುತ್ತಾರೆ. ಆದರೆ ಹಾಡು ನಿಲ್ಲುವುದು ಗಂಟಲಿನ ಮೇಲೆ.

[ಪರದೆ: ಭೂಪಟ. ಡೆರಿ, ಕ್ಯಾಲಿಫೋರ್ನಿಯಾ ಕರಾವಳಿ, ಓರೆಬ್ರೂ, ಕೊನೆಗೆ ಕಾರವಾರ.]

ಈ ಸಂಗೀತಕ್ಕೆ ದೊಡ್ಡ ಶಹರವೇ ಬೇಕೆಂದಿಲ್ಲ. ಅಂಡರ್‌ಟೋನ್ಸ್ ಅನ್ನುವ ಬ್ಯಾಂಡಿನವರು ಉತ್ತರ ಐರ್ಲೆಂಡಿನ ಡೆರಿಯವರು. ತೊಂಬತ್ತರ ದಶಕದ ಮಿಲೆನ್‌ಕಾಲಿನ್ ಸ್ವೀಡನ್ನಿನ ಓರೆಬ್ರೂ ಊರಿನದು. ನಮಗೆ ಹತ್ತಿರದ ನೆಂಟರು ಅಂದರೆ ಕ್ಯಾಲಿಫೋರ್ನಿಯಾ ಕರಾವಳಿಯ ಡಿಸೆಂಡೆಂಟ್ಸ್. ಅದರ ಡ್ರಮ್ಮರ್ ಬಿಲ್ ಸ್ಟೀವನ್‌ಸನ್ ಮೀನುಗಾರಿಕೆ ಮಾಡಿದವ. ಗಾಯಕ ಮೈಲೊ ಬಯಾಲಜಿ ಓದಲಿಕ್ಕೆ ಕಾಲೇಜಿಗೆ ಹೊರಟ, 1982ರ ಅವರ ಮೊದಲ ಆಲ್ಬಮ್ಮಿಗೆ ಅದೇ ಹೆಸರಾಯಿತು. 1988ರಲ್ಲಿ ಬ್ಯಾಡ್ ರಿಲಿಜನ್ ಅನ್ನುವ ಬ್ಯಾಂಡ್ ಒಂದೇ ಆಲ್ಬಮ್ಮಿನಲ್ಲಿ 15 ಹಾಡು ತುಂಬಿತು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಅಷ್ಟು ವೇಗದ ಮೇಲೂ ಮೂರು ಗಂಟಲಿನ ಹಾರ್ಮನಿ. ಮುಂದೆ ಬಂದವರೆಲ್ಲ ಹೆಚ್ಚುಕಡಿಮೆ ಆ ದಾರಿ ಹಿಡಿದವರೇ.

ಸರಿ, ಗಾಂಧಾರಕ್ಕೆ ವಾಪಸ್ ಬರುವಾ.

[ಪರದೆ: ನಾಲ್ಕು ಕಾರ್ಡು, ಒಂದೊಂದಕ್ಕೆ ಎಂಟು ಪೆಟ್ಟು. ಕೆಳಗೆ ಹಾಡುವ ಸ್ವರ.]

ಜಿ, ಡಿ, ಇ, ಸಿ. ದಪ್ಪ ತಂತಿಯ 3ನೇ ಫ್ರೆಟ್, ಆಮೇಲೆ ಅದರ ಪಕ್ಕದ ತಂತಿಯಲ್ಲಿ 5, 7, 3. ಜಿ ಅನ್ನು ಷಡ್ಜ ಮಾಡಿಕೊಂಡರೆ ಇದು ಸ, ಪ, ಧ, ಮ. ಈಗ ಈ ನಾಲ್ಕರ ಮೇಲೂ ಬರೀ ಷಡ್ಜ ಹಿಡಿದು ನಿಲ್ಲಿ, ಅಲ್ಲಾಡಬೇಡಿ. ಮೊದಲನೆಯದರಲ್ಲಿ ಮನೆಯಲ್ಲಿ ಕೂತ ಹಾಗೆ ಇರುತ್ತದೆ. ಎರಡನೆಯದರಲ್ಲಿ ಅದೇ ಸ್ವರ ಜೋತಾಡುತ್ತದೆ, ನಿಷಾದಕ್ಕೆ ಇಳಿಯಬೇಕು ಅನಿಸುತ್ತದೆ. ಮೂರನೆಯದರಲ್ಲಿ ಅದೇ ಆ ಕಾರ್ಡಿನ ಮೈನರ್ (ಕೋಮಲ) ಗಾಂಧಾರ ಆಗಿಬಿಡುತ್ತದೆ, ಎದೆ ಭಾರ. ನಾಲ್ಕನೆಯದಕ್ಕೆ ಅದು ಪಂಚಮ, ಗಟ್ಟಿಯಾಗಿ ನಿಂತಿತು. ನೀವು ಸ್ವರ ಬದಲಿಸಲೇ ಇಲ್ಲ, ಕಾಲಡಿಯ ನೆಲ ಬದಲಾಯಿತು. ತಂಬೂರಿಯ ಜೊತೆ ಹಾಡಿ ರೂಢಿ ಇದ್ದವರಿಗೆ ಮೊದಲು ಗಲಿಬಿಲಿ ಆಗುವುದು ಇಲ್ಲೇ.

ನಮ್ಮ ಜಿಲ್ಲೆಯಲ್ಲಿ ಹಿಂದೂಸ್ತಾನಿ ಕಲಿತವರಿಗೇನು ಬರವಿಲ್ಲ. ಅವರು ಹಾರ್ಮನಿಗೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧ ಮೀಂಡ್ ಬಿಡಿಸುವುದು! ಸ್ವರದಿಂದ ಸ್ವರಕ್ಕೆ ಜಾರಲಿಕ್ಕೆ ನಿಮಿಷಕ್ಕೆ 190 ಬೀಟಿನ ಟೆಂಪೊದಲ್ಲಿ ಜಾಗವೇ ಇಲ್ಲ, ಜಾರಿದರೆ ಶ್ರುತಿ ಕೆಳಗೆ ಬಿದ್ದಂತೆ ಕೇಳುತ್ತದೆ. ಸ್ವರದ ನೆತ್ತಿಗೇ ಹೊಡೆಯಬೇಕು.

ಹಾರ್ಮನಿ ಹೀಗೆ. ಮುಖ್ಯ ಗಾಯಕ ಸ ರಿ ಗ ಅಂದರೆ ಎರಡನೆಯವರು ಗ ಮ ಪ. ಬಿಲಾವಲ್‌ನ ಸ್ವರಗಳಲ್ಲೇ, ಅಂದರೆ ಎಲ್ಲ ಶುದ್ಧ ಸ್ವರಗಳಲ್ಲೇ ಇರಿ. ಸ ಇಂದ ಗ ನಾಲ್ಕು ಫ್ರೆಟ್ ದೂರ, ರಿ ಇಂದ ಮ ಮೂರೇ ಫ್ರೆಟ್. ಎಲ್ಲದಕ್ಕೂ ನಾಲ್ಕೇ ಲೆಕ್ಕ ಹಿಡಿದರೆ ರಿಷಭದ ಮೇಲೆ ತೀವ್ರ ಮಧ್ಯಮ ಬಂದು ಕೂರುತ್ತದೆ, ಮೊಬೈಲ್ ಆ್ಯಪಿನ ಹಾರ್ಮನಿ ಎಷ್ಟೋ ಸಲ ಕೆಡುವುದು ಹೀಗೇ. ಇನ್ನು, ಹಾಡಿನ ಉದ್ದಕ್ಕೂ ಹಾರ್ಮನಿ ಹಾಕಬೇಡಿ. ಸಾಲಿನ ಕೊನೆಯ ಶಬ್ದಕ್ಕೆ, ಕೋರಸ್ಸಿಗೆ ಸಾಕು.

[ಪರದೆ: ಡ್ರಮ್ಮರ್‌ನ ಬಲಗಾಲು ಮಾತ್ರ.]

ಡ್ರಮ್ಸ್. ಬಾಯಲ್ಲಿ ಹೇಳುವುದಾದರೆ ದುಂ-ಟ ದುಂ-ಟ ದುಂ-ಟ ದುಂ-ಟ. ದುಂ ಅಂದರೆ ಕಿಕ್, ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್. ಟ ಅಂದರೆ ಸ್ನೇರ್, ಕೈಯಲ್ಲಿ ಬಾರಿಸುವ ಡ್ರಮ್. ಹೈ-ಹ್ಯಾಟ್ ಅನ್ನುವ ಜೋಡಿ ತಾಳವನ್ನು ಕಿಕ್ಕಿನ ಜೊತೆ ಮಾತ್ರ ಬಾರಿಸಿ, ಕೈ ಉಳಿಯುತ್ತದೆ. ಚಂಡೆ ಬಾರಿಸಿ ಬಂದವರಿಗೆ ಕೈ ತಯಾರಿದ್ದರೂ ಕಾಲು ಹೊಸತು. ಬರೀ ಕಿಕ್ಕನ್ನು 140ರಲ್ಲಿ ಎರಡು ನಿಮಿಷ, ತಪ್ಪದಿದ್ದರೆ ಐದೈದೇ ಏರಿಸುತ್ತ ಹೋಗಿ. ಕೈ ಸೇರಿಸಿ ಬಾರಿಸುವಾಗ ಮೊಣಕೈ ಬಿಗಿಯಾಯಿತು ಅಂದರೆ ನಿಲ್ಲಿಸಿ. ಬಿಗಿದ ಕೈ ಫಿಲ್ಲಿನಲ್ಲಿ, ಅಂದರೆ ಸಾಲುಗಳ ನಡುವಿನ ತುಂಬು ಪೆಟ್ಟಿನಲ್ಲಿ, ಓಡುತ್ತದೆ, ಓಡಿದ ಟೆಂಪೊ ಹಿಂದೆ ಬರುವುದಿಲ್ಲ.

ಗಿಟಾರಿಗೆ 190ರಲ್ಲಿ ಎಲ್ಲ ಪೆಟ್ಟನ್ನೂ ಕೆಳಮುಖವಾಗಿಯೇ ಹೊಡೆದರೆ ನಿಮಿಷಕ್ಕೆ 380. ಚರಣದಲ್ಲಿ ಅಂಗೈ ಅಂಚನ್ನು ಬ್ರಿಡ್ಜಿಗೆ ತಾಗಿಸಿ ಹಾಗೆ ಹೊಡೆಯಿರಿ, ಕೋರಸ್ಸಿಗೆ ಅಂಗೈ ಎತ್ತಿ ಮೇಲೆ-ಕೆಳಗೆ. ಗೇನ್, ಅಂದರೆ ಆಂಪಿನಲ್ಲಿ ಸದ್ದು ಒರಟು ಮಾಡುವ ಗುಂಡಿ, ಜಾಸ್ತಿ ಇಡುವುದು ಎಲ್ಲರ ಚಟ. ಕಾರ್ಡ್ ಬಾರಿಸಿ ಗಪ್ಪನೆ ನಿಲ್ಲಿಸಿ. ಬರೀ ಬುಸ್ಸೆಂಬ ಸದ್ದೇ ಉಳಿದರೆ ಕಡಿಮೆ ಮಾಡಿ. ಎರಡು ಗಿಟಾರ್ ಇದ್ದರೆ ಎರಡೂ ಅರ್ಧಕ್ಕಿಂತ ಕೆಳಗೆ.

[ಪರದೆ: ಹದಿನಾರು ಚೌಕ. ಅಕ್ಷರಗಳು ಒಂದೊಂದಾಗಿ ತುಂಬುತ್ತವೆ.]

ಈಗ ಕನ್ನಡ. ಶಾಲೆಯಲ್ಲಿ ಬೈದುಕೊಂಡು ಕಲಿತ ಲಘು-ಗುರು ಇಲ್ಲಿ ಅನ್ನ ಹಾಕುತ್ತದೆ ಮಾರಾಯ್ರೆ. ಒಂದು ದುಂ ಇಲ್ಲವೇ ಒಂದು ಟ ಅಂದರೆ ಒಂದು ಚೌಕ, ಎಂಟು ಚೌಕಕ್ಕೆ ಒಂದು ಬಾರ್. ಲಘುವಿಗೆ ಒಂದು ಚೌಕ, ಗುರುವಿಗೆ ಎರಡು.

"ಕಡಲಿನ ದಂಡೆಲಿ ಕಾಯುವ ಲಾರಿ."

ನಾಲ್ಕು, ನಾಲ್ಕು, ನಾಲ್ಕು, ಲಾರಿಗೆ ಮೂರು, ಉಸಿರಿಗೆ ಒಂದು. ಎರಡು ಬಾರ್ ತುಂಬಿತು, ಶಬ್ದದ ಮೊದಲ ಅಕ್ಷರವೆಲ್ಲ ಕಿಕ್ಕಿನ ಮೇಲೇ ಬಿತ್ತು. 190ರಲ್ಲಿ ಒಂದು ಸೆಕೆಂಡಿಗೆ ಆರು ಚೌಕಕ್ಕಿಂತ ಜಾಸ್ತಿ ಓಡುತ್ತದೆ, ಹಾಗಾಗಿ ಎಂಟೂ ಲಘುವಾದರೆ ನಾಲಿಗೆ ತಡವರಿಸುತ್ತದೆ. ನಡುವೆ 'ದಂ', 'ಕಾ' ಥರದ ಗುರು ಇಡಿ. "ನಿರೀಕ್ಷಿಸುತ್ತಿದ್ದೇನೆ" ಅಂತ ಬರೆದರೆ ಹನ್ನೊಂದು ಮಾತ್ರೆ ಹೋಯಿತು. "ಕಾಯ್ತೆ" ಅನ್ನಿ, ಮೂರರಲ್ಲಿ ಮುಗಿಯಿತು. ಛಂದಸ್ಸಿನಲ್ಲಿ ಶರ ಷಟ್ಪದಿಯ ನಾಲ್ಕು ಮಾತ್ರೆಯ ಗಣ ಈ ಬೀಟಿಗೆ ಹೇಳಿ ಮಾಡಿಸಿದ್ದು. ಭಾಮಿನಿಯ ಮೂರು-ನಾಲ್ಕು ಕೂಡಿಸಲಿಕ್ಕೆ ಬರುತ್ತದೆ, ಆದರೆ ಎದುರಿಗೆ ಕುಣಿಯುವವರ ಕಾಲು ತಪ್ಪುತ್ತದೆ. ಕೋರಸ್ಸಿಗೆ ಬೀಟನ್ನು ಅರ್ಧ ಮಾಡಿ, ಆ, ಓ ಇರುವ ಉದ್ದ ಶಬ್ದ ಹುಡುಕಿ. 'ಇ'ಯಲ್ಲಿ ಎತ್ತರದ ಸ್ವರ ಎಳೆದರೆ ಗಂಟಲು ಹಿಡಿದುಕೊಳ್ಳುತ್ತದೆ.

[ಪರದೆ: ತುಕ್ಕು ಹಿಡಿದ ತಂತಿ, ಬೆರಳಿಗೆ ಅಂಟಿದ ಕಪ್ಪು.]

ಉಪ್ಪುಗಾಳಿಯ ಊರಿನಲ್ಲಿ ಸಾದಾ ತಂತಿಗೆ ಆಯುಷ್ಯ ಕಡಿಮೆ. ಕೋಟಿಂಗ್ ಇರುವುದನ್ನೇ ತೆಗೆದುಕೊಳ್ಳಿ, ಬಾರಿಸಿದ ಮೇಲೆ ತಂತಿಯ ಅಡಿಯನ್ನೂ ಒಣಬಟ್ಟೆಯಲ್ಲಿ ಒರೆಸಿ. ಕೇಬಲ್ ಕರಕರ ಅಂದರೆ ಕೇಬಲ್ ಎಸೆಯುವ ಮೊದಲು ಜ್ಯಾಕಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನೋಡಿ, ಬಹಳ ಸಲ ಒಳಗೆ ಕಿಲುಬು ಕೂತಿರುತ್ತದೆ. ಹುಬ್ಬಳ್ಳಿಗಿಂತ ಮಡಗಾಂವ್ ಹತ್ತಿರ, ಸಾಮಾನು ಅಲ್ಲೇ ನೋಡಬಹುದು. ಶಿರಸಿಯವರಿಗೆ ಉಪ್ಪಿನ ಕಾಟವಿಲ್ಲ, ಬೂಷ್ಟಿನ ಕಾಟ. ಗಿಟಾರ್ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ.

ಕಡೆಯದಾಗಿ ಸ್ಟೇಜು, ಇದು ಜೀವದ ಪ್ರಶ್ನೆ. ಬೀಚ್ ಮೇಲಿನ ಕಾರ್ಯಕ್ರಮವೆಂದರೆ ಜನರೇಟರ್, ಮರಳು, ಒದ್ದೆ ಕಾಲು. ಮೈಕಿನ ಜಾಳಿಗೆಗೂ ಗಿಟಾರ್ ತಂತಿಗೂ ನಡುವೆ ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಬಾಯಿ ಇಡಬೇಡಿ. ಆಂಪ್, ಮಿಕ್ಸರ್ ಎರಡನ್ನೂ ಅರ್ಥಿಂಗ್ ಸರಿ ಇರುವ ಒಂದೇ ಬೋರ್ಡಿಗೆ ಹಾಕಿಸಿ, ಮತ್ತೆ ಅಳೆಯಿರಿ. ಗುಂಯ್‌ಗುಡುವುದು ನಿಲ್ಲಲಿ ಅಂತ ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ಥಿಂಗ್ ಪಿನ್, ಕಿತ್ತುಹಾಕುವ ಚಾಳಿ ಇದೆ, ಅದನ್ನು ಮಾಡಲೇಬೇಡಿ.

ಸೌಂಡ್‌ನವರು ಆರ್ಕೆಸ್ಟ್ರಾದ ರೂಢಿಯಲ್ಲಿ ಗಾಯಕರಿಗೆ ಇಕೋ ಹಾಕಿಯೇ ಇಟ್ಟಿರುತ್ತಾರೆ. ನಮ್ಮ ವೇಗಕ್ಕೆ ಅದು ಒಂದು ಅಕ್ಷರದ ಮೇಲೆ ಇನ್ನೊಂದನ್ನು ಬಳಿಯುತ್ತದೆ. ಮೂರೂ ಮೈಕಿನಲ್ಲಿ ಪೂರ್ತಿ ತೆಗೆಸಿ, ಹಾರ್ಮನಿಯ ಎರಡು ಮೈಕನ್ನು ಮುಖ್ಯ ಮೈಕಿಗಿಂತ ಕೂದಲಷ್ಟು ಕೆಳಗಿಡಿಸಿ, ಗಾಳಿಗೆ ಸ್ಪಂಜಿನ ಟೊಪ್ಪಿ ಕೇಳಿ ಹಾಕಿಸಿಕೊಳ್ಳಿ.