ನರಿ ಉಳಿಯಿತು, ಭೂಗೋಳ ಕರಗಿತು

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ಒಂದು ನರಿಯ ಬಗ್ಗೆ. ಫೈರ್‌ಫಾಕ್ಸ್ ಬ್ರೌಸರ್‌ನ ಲೋಗೋದಲ್ಲಿ ಇದೆಯಲ್ಲ, ಅದೇ ನರಿ. ಲೋಗೋ ಬದಲಾದಾಗಲೆಲ್ಲ "ಇವರಿಗೆ ಬೇರೆ ಕೆಲಸ ಇಲ್ವಾ" ಅಂತ ಬೈಯುವವರು ಇದ್ದೇ ಇರುತ್ತಾರೆ. ಕೆಲವು ಸಲ ಆ ಬೈಗುಳ ಸರಿಯೂ ಹೌದು. ಆದರೆ ಈ ನರಿಯ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಕಾಲ ಕಳೆದ ಹಾಗೆ ಏನನ್ನೋ ಬಿಟ್ಟಿದ್ದಾರೆ, ನಿಜ. ಆದರೆ ಬಿಟ್ಟಿದ್ದು ನರಿಯನ್ನಲ್ಲ, ಅದು ಅಪ್ಪಿಕೊಂಡಿದ್ದ ಭೂಗೋಳವನ್ನು.

ಮೊದಲು ಹೆಸರಿನ ರಾಮಾಯಣ ಮುಗಿಸಿಬಿಡೋಣ. 2002ರ ಸೆಪ್ಟೆಂಬರ್‌ನಲ್ಲಿ ಈ ಬ್ರೌಸರ್ ಹೊರಬಂದಾಗ ಹೆಸರು ಫೀನಿಕ್ಸ್. ಕಂಪ್ಯೂಟರಿನ ಬಯೋಸ್, ಅಂದರೆ ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ, ಮಾಡುವ ಫೀನಿಕ್ಸ್ ಟೆಕ್ನಾಲಜೀಸ್ ಕಂಪನಿ "ಅದು ನಮ್ಮ ಹೆಸರು" ಅಂದಿತು. 2003ರಲ್ಲಿ ಫೈರ್‌ಬರ್ಡ್ ಅಂತ ಇಟ್ಟರು. ಅದೇ ಹೆಸರಿನ ಡೇಟಾಬೇಸ್ ಒಂದಿತ್ತು, ಅವರೂ ಜಗಳಕ್ಕೆ ಬಂದರು. ಕೊನೆಗೆ 2004ರ ಫೆಬ್ರವರಿ 9ರಂದು 0.8 ಆವೃತ್ತಿಯ ಜೊತೆಗೆ ಫೈರ್‌ಫಾಕ್ಸ್ ಅನ್ನುವ ಹೆಸರು ಬಂತು, ನರಿಯೂ ಅವತ್ತೇ ಬಂತು.

ನರಿ ಬಂದ ರೀತಿ ಮಜವಾಗಿದೆ. ಕೆನಡಾದ ಸ್ಟೀವನ್ ಗ್ಯಾರಿಟಿ ಅನ್ನುವ ಡಿಸೈನರ್ 2003ರ ಕೊನೆಯ ಹೊತ್ತಿಗೆ ಒಂದು ಲೇಖನ ಬರೆದರು. ಈ ಬ್ರೌಸರ್ ಮಾಡುವ ಸಂಸ್ಥೆಯಾದ ಮೊಜಿಲ್ಲಾದ ಸಾಫ್ಟ್‌ವೇರ್ ಚೆನ್ನಾಗಿದೆ, ಆದರೆ ಅದರ ಹೆಸರು, ಐಕಾನ್, ಲೋಗೋ ಯಾವುದಕ್ಕೂ ಒಂದಕ್ಕೊಂದು ತಾಳಮೇಳ ಇಲ್ಲ ಅನ್ನುವುದು ಅವರ ತಕರಾರು. ಮೊಜಿಲ್ಲಾದವರು ಸಿಟ್ಟಾಗಲಿಲ್ಲ. "ಹಾಗಾದ್ರೆ ನೀವೇ ಬಂದು ಸರಿಮಾಡಿ" ಅಂತ ಕೆಲಸವನ್ನು ಅವರ ತಲೆಗೇ ಕಟ್ಟಿದರು. ಅವರ ತಂಡದಲ್ಲಿ ಡೇನಿಯಲ್ ಬರ್ಕಾ ಕಲ್ಪನೆ ಕೊಟ್ಟರು, ಸ್ಟೀಫನ್ ಡೆರೋಶ್ ಸ್ಕೆಚ್ ಹಾಕಿದರು, ಇಂಗ್ಲೆಂಡಿನ ಜಾನ್ ಹಿಕ್ಸ್ ಕೊನೆಯ ರೂಪ ಬರೆದರು. ಫೈರ್‌ಫಾಕ್ಸ್ ಅಂದರೆ ನಮ್ಮ ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಇರುವ ಕೆಂಪು ಪಾಂಡಾ ಅಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಹೌದು, ಅದಕ್ಕೂ ಆ ಹೆಸರಿದೆ. ಆದರೆ ವೇಗದ ಬ್ರೌಸರ್ ಅಂತ ತೋರಿಸಬೇಕಾದಾಗ ಮುದ್ದು ಪಾಂಡಾ ಹೊಂದಲಿಲ್ಲ, ಬೆಂಕಿಯ ಬಾಲದ ನರಿ ಹೊಂದಿತು.

ಪರದೆ ಮೇಲೆ 2004ರ ಚಿತ್ರ ಹಾಕಿದ್ದೇನೆ, ಸ್ವಲ್ಪ ಹತ್ತಿರದಿಂದ ನೋಡಿ. ನರಿ ನಮ್ಮ ಕಡೆ ನೋಡುತ್ತಿಲ್ಲ. ನಮಗೆ ಬೆನ್ನು ಹಾಕಿ ನೀಲಿ ಭೂಗೋಳವನ್ನು ತಬ್ಬಿಕೊಂಡಿದೆ. ಮೈ ಬಳಸುತ್ತಾ ಹೋಗಿ ಬಾಲ ಆಗುತ್ತದೆ, ಬಾಲ ಹೋಗಿ ಜ್ವಾಲೆ ಆಗುತ್ತದೆ. ಎಲ್ಲಿ ಕೂದಲು ಮುಗಿಯಿತು, ಎಲ್ಲಿ ಬೆಂಕಿ ಶುರುವಾಯಿತು ಅಂತ ಗೆರೆ ಎಳೆಯೋಕೆ ಆಗಲ್ಲ. ನೀಲಿಯ ಪಕ್ಕ ಕಿತ್ತಳೆ, ಬಣ್ಣಚಕ್ರದಲ್ಲಿ ಎರಡೂ ಎದುರುಬದುರು ಬಣ್ಣಗಳು. ಅದಕ್ಕೇ ಇದು 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಐಕಾನ್‌ನಲ್ಲೂ ಗುರುತು ಸಿಗುತ್ತಿತ್ತು. ಒಟ್ಟು 256 ಚುಕ್ಕಿ. ಅಷ್ಟರಲ್ಲಿ ಕಣ್ಣು, ಮೂಗು ಏನೂ ಮೂಡುವುದಿಲ್ಲ. ನೀಲಿ ಚೆಂಡಿನ ಸುತ್ತ ಒಂದು ಕಿತ್ತಳೆ ಸುಳಿ, ಅಷ್ಟೇ. ಆ ಸುಳಿಯೇ ನಿಜವಾದ ಲೋಗೋ ಅಂತ ನನ್ನ ಅನಿಸಿಕೆ. ಮಿಕ್ಕಿದ್ದೆಲ್ಲ ದೊಡ್ಡದು ಮಾಡಿದಾಗ ಸಿಗುವ ಬಹುಮಾನ.

ಭೂಗೋಳ ಯಾಕೆ ಇತ್ತು? ಆ ಕಾಲದಲ್ಲಿ ಅದು ಬ್ರೌಸರ್‌ಗಳ ರೂಢಿ. ಮೊಸಾಯಿಕ್‌ನಲ್ಲಿ ಪೇಜ್ ಲೋಡ್ ಆಗುವಾಗ ಭೂಗೋಳ ತಿರುಗುತ್ತಿತ್ತು, ನೆಟ್‌ಸ್ಕೇಪ್‌ನ ಎನ್ ಅಕ್ಷರ ಗ್ರಹದಂಚಿನ ಮೇಲೆ ನಿಂತಿತ್ತು, 2003ರ ಸಫಾರಿಗೆ ದಿಕ್ಸೂಚಿ. ಇಂಟರ್‌ನೆಟ್ ಅಂದರೆ ಏನು ಅಂತ ಜನಕ್ಕೆ ಇನ್ನೂ ಹೇಳಿಕೊಡಬೇಕಿತ್ತು. ಇದು ನಿಮ್ಮನ್ನು ಎಲ್ಲಿಗೋ ಕರೆದುಕೊಂಡು ಹೋಗುತ್ತದೆ ಅಂತ ಐಕಾನ್ ಸಾರಬೇಕಿತ್ತು.

ಇಲ್ಲಿ ಒಂದು ಅಡ್ಡಕಥೆ, ನನಗೆ ತುಂಬಾ ಇಷ್ಟ. ಫೈರ್‌ಫಾಕ್ಸ್‌ನ ಕೋಡ್ ಮುಕ್ತ, ಯಾರು ಬೇಕಾದರೂ ಅದರಿಂದ ಬ್ರೌಸರ್ ಕಟ್ಟಿಕೊಳ್ಳಬಹುದು. ಆದರೆ ನರಿ ಮುಕ್ತ ಅಲ್ಲ, ಅದು ಟ್ರೇಡ್‌ಮಾರ್ಕ್. ಹಾಗಾಗಿ ಹೊರಗಿನವರು ತಾವೇ ಕಟ್ಟಿಕೊಂಡ ಬ್ರೌಸರ್‌ಗೆ ನರಿ ಇಲ್ಲದ ಬರೀ ಭೂಗೋಳದ ಐಕಾನ್ ಬರುತ್ತಿತ್ತು. ಡೆಬಿಯನ್ ಲಿನಕ್ಸ್ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಮ್‌ನವರು ಲೋಗೋದ ಲೈಸೆನ್ಸ್ ತಮ್ಮ ನಿಯಮಕ್ಕೆ ಒಗ್ಗುವುದಿಲ್ಲ ಅಂತ ಅದನ್ನು ಬಿಟ್ಟು, ಹೆಸರನ್ನು ಮಾತ್ರ ಇಟ್ಟುಕೊಂಡಿದ್ದರು. 2006ರಲ್ಲಿ ಮೊಜಿಲ್ಲಾ ಪಟ್ಟು ಹಿಡಿಯಿತು: ಹೆಸರು ಬೇಕಾದರೆ ಲೋಗೋನೂ ಹಾಕಬೇಕು, ನಿಮ್ಮ ಬದಲಾವಣೆಗಳಿಗೆ ನಮ್ಮ ಒಪ್ಪಿಗೆಯೂ ಬೇಕು. ಡೆಬಿಯನ್‌ನವರೇನು ಕಡಿಮೆಯಾ? ಬೆಂಕಿಗೆ ಬದಲು ಮಂಜು, ನರಿಗೆ ಬದಲು ಮುಂಗುಸಿಯಂಥ ವೀಸಲ್ ಅನ್ನುವ ಪ್ರಾಣಿ ಹಿಡಿದು ಐಸ್‌ವೀಸಲ್ ಅಂತ ಹೆಸರಿಟ್ಟರು. ಒಳಗೆ ಅದೇ ಬ್ರೌಸರ್. ಹತ್ತು ವರ್ಷ ಹೀಗೇ ನಡೆದು, 2016ರಲ್ಲಿ ರಾಜಿಯಾಗಿ ನರಿ ವಾಪಸ್ ಬಂತು. ಒಂದು ಚಿತ್ರಕ್ಕೆ ಇಷ್ಟು ಜಗಳ ಆಗಿದೆ ಅಂದ ಮೇಲೆ, ಮೊಜಿಲ್ಲಾದವರು ನರಿಯನ್ನು ಸುಲಭಕ್ಕೆ ಬಿಟ್ಟುಕೊಡುತ್ತಾರಾ?

ಸರಿ, ಮುಂದಿನ ಚಿತ್ರ. 2009, ಫೈರ್‌ಫಾಕ್ಸ್ 3.5. ಐಕಾನ್‌ಫ್ಯಾಕ್ಟರಿ ಅನ್ನುವ ಡಿಸೈನ್ ಕಂಪನಿಯ ಆಂಥನಿ ಪಿರೈನೊ ಬರೆದದ್ದು. ಲೋಗೋಗಳು ವರ್ಷದಿಂದ ವರ್ಷಕ್ಕೆ ಸರಳ ಆಗುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ! ಕೂದಲು ಜಾಸ್ತಿ, ಹೊಳಪು ಜಾಸ್ತಿ. ಕಾರಣ ಸರಳ. ಅಷ್ಟರಲ್ಲಿ ಮ್ಯಾಕ್‌ನಲ್ಲಿ ಐಕಾನ್ ಗಾತ್ರ 512 ಪಿಕ್ಸೆಲ್‌ಗೆ ಏರಿತ್ತು. 256 ಚುಕ್ಕಿ ಎಲ್ಲಿ, 2,62,144 ಚುಕ್ಕಿ ಎಲ್ಲಿ! ಅಷ್ಟು ಜಾಗ ಸಿಕ್ಕರೆ ಯಾವ ಕಲಾವಿದ ಸುಮ್ನೆ ಇರ್ತಾನೆ? ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. ಜನ ಫೋನಿಗೆ ಬಂದಿದ್ದರು. 2013ರ ಆಗಸ್ಟ್‌ನ 23ನೇ ಆವೃತ್ತಿಯಲ್ಲಿ ಹೊಳಪು ತೆಗೆದರು, ಕೂದಲ ಎಳೆಗಳನ್ನು ಕಡಿಮೆ ಮಾಡಿದರು. ನನ್ನ ಕಣ್ಣಿಗೆ ಎಲ್ಲಕ್ಕಿಂತ ಹದವಾಗಿ ಬಂದಿರುವುದು ಇದೇ.

2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ ಕ್ವಾಂಟಮ್ ಅನ್ನುವ ಹೊಸ ಆವೃತ್ತಿ ಬಂತು. ಭೂಗೋಳದ ಮೇಲಿನ ಖಂಡಗಳು ಮಾಯ, ಬರೀ ನೀಲಿ ಉಂಡೆ ಉಳಿಯಿತು. 2019ರಲ್ಲಿ ಅದೂ ನೇರಳೆ ಬಣ್ಣಕ್ಕೆ ತಿರುಗಿತು. ಈಗ ಮೊದಲ ಸಲ ನೋಡುವವರಿಗೆ ಅದು ಭೂಮಿ ಅಂತ ಹೊಳೆಯುವುದೇ ಇಲ್ಲ. ಹೊಳೆಯಬೇಕಾಗಿಯೂ ಇಲ್ಲ ಅನ್ನಿ. ಫೋನ್ ಹಿಡಿದು ಹುಟ್ಟಿದ ಪೀಳಿಗೆಗೆ ಇಂಟರ್‌ನೆಟ್ ಪ್ರಪಂಚ ತೋರಿಸುತ್ತದೆ ಅಂತ ಐಕಾನ್ ಬಿಡಿಸಿ ಹೇಳಬೇಕಾ?

2019ರಲ್ಲೇ ಇನ್ನೊಂದು ಎಡವಟ್ಟು ಆಯಿತು. ಬ್ರೌಸರ್ ಜೊತೆಗೆ ಫೈಲ್ ಕಳಿಸುವ ಸೆಂಡ್, ಮಾಹಿತಿ ಸೋರಿದರೆ ಎಚ್ಚರಿಸುವ ಮಾನಿಟರ್, ಪಾಸ್‌ವರ್ಡ್ ಕಾಯುವ ಲಾಕ್‌ವೈಸ್ ಅಂತ ಬೇರೆ ಸೇವೆಗಳೂ ಇದ್ದವು. ಈ ಇಡೀ ಕುಟುಂಬಕ್ಕೆ ಅಂತ ಇನ್ನೊಂದು ಲೋಗೋ ಮಾಡಿದರು, ಅದರಲ್ಲಿ ನರಿ ಇಲ್ಲ, ಬರೀ ಬಾಲದ ಸುಳಿ. ಬ್ರೌಸರ್‌ನ ಐಕಾನ್‌ನಲ್ಲಿ ನರಿ ಇದ್ದೇ ಇತ್ತು. ಆದರೆ ಅಷ್ಟೆಲ್ಲ ಯಾರು ಓದುತ್ತಾರೆ? ಹಳೆಯ ಲೋಗೋಗಳ ಸಾಲಿನ ಕೊನೆಗೆ ಈ ಸುಳಿಯನ್ನು ಅಂಟಿಸಿ "ನರಿಯನ್ನು ಓಡಿಸಿಬಿಟ್ಟರು" ಅಂತ ಮೀಮ್ ಹುಟ್ಟಿತು. 2021ರ ಶುರುವಿನಲ್ಲಿ ಅದು ಎಷ್ಟು ಹಬ್ಬಿತೆಂದರೆ, ನರಿ ಎಲ್ಲಿಗೂ ಹೋಗುವುದಿಲ್ಲ ಅಂತ ಮೊಜಿಲ್ಲಾದವರೇ ಸಮಜಾಯಿಷಿ ಕೊಡಬೇಕಾಯಿತು. ತಮಾಷೆ ಏನಂದರೆ, ಸೆಂಡ್ 2020ರಲ್ಲೇ ಬಾಗಿಲು ಹಾಕಿತ್ತು, ಲಾಕ್‌ವೈಸ್ 2021ರ ಕೊನೆಗೆ ನಿಂತಿತು. ಕುಟುಂಬಕ್ಕೆ ಅಂತ ಮಾಡಿದ ಲೋಗೋಗೆ ಕುಟುಂಬವೇ ಚಿಕ್ಕದಾಯಿತು.

ಕೊನೆಗೆ ಥಂಡರ್‌ಬರ್ಡ್ ವಿಷಯ ಹೇಳಿ ಮೈಕ್ ಬಿಡುತ್ತೇನೆ. ಇದೇ ಮೊಜಿಲ್ಲಾ ಮನೆಯ ಇಮೇಲ್ ಸಾಫ್ಟ್‌ವೇರ್. ಅದರ ನೀಲಿ ಹಕ್ಕಿಯನ್ನು 2004ರಲ್ಲಿ ಬರೆದದ್ದೂ ಜಾನ್ ಹಿಕ್ಸ್, 2023ರಲ್ಲಿ ಹೊಸದಾಗಿ ಬರೆದದ್ದೂ ಅವರೇ. ಹಕ್ಕಿಯ ಗೆರೆಗಳು ಪೂರ್ತಿ ಬದಲಾದವು, ಆದರೆ ಅದು ಅಪ್ಪಿಕೊಂಡ ಲಕೋಟೆ ಹಾಗೇ ಇದೆ. ನರಿಯ ಕೈಯಿಂದ ಭೂಗೋಳ ಜಾರಿತು, ಹಕ್ಕಿ ಲಕೋಟೆ ಬಿಡಲಿಲ್ಲ, ಯಾಕಿರಬಹುದು? ನನ್ನ ಊಹೆ ಹೇಳುತ್ತೇನೆ: ಲಕೋಟೆ ತೆಗೆದರೆ ಉಳಿಯುವುದು ಬರೀ ನೀಲಿ ಹಕ್ಕಿ, ಅದು ಆಗ ಟ್ವಿಟರ್‌ನದ್ದಾಗಿತ್ತು. ಆದರೆ ಹೊಸ ಥಂಡರ್‌ಬರ್ಡ್ ಬಿಡುಗಡೆಯಾದ 2023ರ ಜುಲೈನಲ್ಲೇ ಟ್ವಿಟರ್ ತನ್ನ ಹಕ್ಕಿಯನ್ನು ಹಾರಿಬಿಟ್ಟು ಎಕ್ಸ್ ಆಯಿತು. ಈಗ ಲಕೋಟೆ ತೆಗೆದರೆ ನಡೆಯುತ್ತಾ? ನೀವೇ ಹೇಳಿ, ಪ್ರಶ್ನೆಗಳನ್ನು ಅಲ್ಲಿಂದಲೇ ಶುರುಮಾಡೋಣ.